ಚರ್ಚ್ ಶಾಲೆಗಳು ಕೈಜೋಡಿಸಬೇಕೆಂದರೆ ಎಲ್ಲಿಂದ ಶುರು ಮಾಡಬೇಕು?

ದಕ್ಷಿಣ ಕನ್ನಡ, ಉಡುಪಿ ಕಡೆ ಹಳೆಯ ಚರ್ಚ್ ಇದೆ ಅಂದರೆ ಪಕ್ಕದಲ್ಲಿ ಶಾಲೆಯೂ ಇದೆ ಅಂತಲೇ ಲೆಕ್ಕ. ಊರಿನ ಹಿರಿಯರಲ್ಲಿ ಎಷ್ಟೋ ಮಂದಿ ಅಲ್ಲೇ ಅಕ್ಷರ ಕಲಿತವರು. ಹಿಂದೂ, ಮುಸ್ಲಿಂ, ಜೈನ, ಕ್ರೈಸ್ತ ಅಂತ ನೋಡದೆ ಎಲ್ಲರೂ ಅದೇ ಬೆಂಚಿನ ಮೇಲೆ ಕೂತವರು. ಈಗ ಅದೇ ಶಾಲೆಗಳಲ್ಲಿ, ಅದರಲ್ಲೂ ಕನ್ನಡ ಮಾಧ್ಯಮದ ಅನುದಾನಿತ ಶಾಲೆಗಳಲ್ಲಿ, ಮಕ್ಕಳ ಸಂಖ್ಯೆ ಇಳಿಯುತ್ತಿದೆ. ನಿವೃತ್ತರಾದ ಶಿಕ್ಷಕರ ಜಾಗ ವರ್ಷಗಟ್ಟಲೆ ಖಾಲಿ ಇರುತ್ತದೆ. ಆಡಳಿತ ಮಂಡಳಿ ತನ್ನ ಕೈಯಿಂದ ಗೌರವಧನ ಕೊಟ್ಟು ಶಿಕ್ಷಕರನ್ನು ಇಟ್ಟುಕೊಳ್ಳುತ್ತದೆ.

ನಾಲ್ಕು ಕಿಲೋಮೀಟರ್ ಆಚೆ ಇನ್ನೊಂದು ಚರ್ಚ್ ಶಾಲೆ ಇರುತ್ತದೆ. ಅಲ್ಲೂ ಇದೇ ಕಥೆ. ಆದರೆ ಈ ಎರಡು ಶಾಲೆಗಳ ಮುಖ್ಯ ಶಿಕ್ಷಕರು ಮಾತಾಡುವುದು ಪ್ರತಿಭಾ ಕಾರಂಜಿ ದಿನ ಅಥವಾ ಇಲಾಖೆ ಮೀಟಿಂಗಿನಲ್ಲಿ ಮಾತ್ರ. ಮೇ ತಿಂಗಳು ಬಂತೆಂದರೆ ಮಕ್ಕಳನ್ನು ಸೇರಿಸಿಕೊಳ್ಳಲು ಎರಡೂ ಶಾಲೆಯವರು ಒಂದೇ ಮನೆಯ ಬಾಗಿಲು ತಟ್ಟುತ್ತಾರೆ. ಎರಡೂ ಶಾಲೆಯ ಗೋಡೆ ಮೇಲೆ ಪ್ರೀತಿ, ಸೇವೆ, ಕ್ಷಮೆ ಅಂತ ಚೆಂದದ ಅಕ್ಷರದಲ್ಲಿ ಬರೆದಿರುತ್ತದೆ.

ನನ್ನ ಮಟ್ಟಿಗೆ ಕ್ರೈಸ್ತ ಮೌಲ್ಯ ಕಾಣಬೇಕಾದ ಮೊದಲ ಜಾಗ ಆ ಗೋಡೆಯಲ್ಲ. ಗಟ್ಟಿಯಾಗಿ ನಿಂತ ಶಾಲೆ ಪಕ್ಕದ ಸೊರಗಿದ ಶಾಲೆಯನ್ನು ಹೇಗೆ ನಡೆಸಿಕೊಳ್ಳುತ್ತದೆ ಅನ್ನುವುದರಲ್ಲಿ ಅದು ಕಾಣಬೇಕು. ಐದಾರು ಶಾಲೆಗಳು ಒಂದು ಗುಂಪಾಗಿ ಕೆಲಸ ಮಾಡುವುದು ಹೇಗೆ ಅಂತ ಮುಖ್ಯ ಶಿಕ್ಷಕರಿಗೆ, ಸಂಚಾಲಕರಿಗೆ (ಆಡಳಿತದ ಪರವಾಗಿ ಶಾಲೆ ನೋಡಿಕೊಳ್ಳುವವರಿಗೆ), ಚರ್ಚ್ ಪಾಲನಾ ಮಂಡಳಿಯವರಿಗೆ ಉಪಯೋಗ ಆಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಇದು ಹೊಸ ವಿಚಾರವೇನಲ್ಲ

ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಸಂಸ್ಥೆಯಾದ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಎರಡು ವರ್ಷ ಕಳೆಯುವುದರೊಳಗೆ ಕನ್ನಡ ಶಾಲೆ ತೆರೆದರು. ಆಮೇಲೆ ಮುದ್ರಣಾಲಯ ಬಂತು. 1843ರಲ್ಲಿ ಅದೇ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ್ದನ್ನು ನಾವೆಲ್ಲ ಓದಿದ್ದೇವೆ. ಅದೇ ಮಿಶನ್ನಿನ ಮುದ್ರಣಾಲಯ ಶಾಲೆಗಳಿಗೆ ಬೇಕಾದ ಕನ್ನಡ ಪಾಠದ ಪುಸ್ತಕಗಳನ್ನೂ ಅಚ್ಚು ಹಾಕುತ್ತಿತ್ತು. ಒಂದು ಊರಿನಲ್ಲಿ ತಯಾರಾದ ಪುಸ್ತಕ ಬೇರೆ ಬೇರೆ ಊರಿನ ಮಕ್ಕಳ ಕೈಗೆ ಹೋಗುತ್ತಿತ್ತು. ಪ್ರತಿ ಶಾಲೆಯೂ ತನ್ನ ಪಾಡಿಗೆ ತಾನು ಪುಸ್ತಕ ಮಾಡಲು ಹೊರಟಿದ್ದರೆ ಆಗುವ ಕೆಲಸವಾ ಅದು?

ಕೆಥೋಲಿಕರ ಕಡೆಯಲ್ಲಿ ಜೆಸ್ವಿತ್ ಗುರುಗಳು 1878ರ ಕೊನೆಯಲ್ಲಿ ಮಂಗಳೂರಿಗೆ ಬಂದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರುವಾಯಿತು. ಇಂದು ಮಂಗಳೂರು ಧರ್ಮಪ್ರಾಂತದ, ಅಂದರೆ ಇಲ್ಲಿನ ಬಿಷಪರ ವ್ಯಾಪ್ತಿಯ, ಬಹಳಷ್ಟು ಶಾಲೆಗಳು ಒಂದೇ ಕೆಥೋಲಿಕ್ ಶಿಕ್ಷಣ ಮಂಡಳಿಯ ಅಡಿಯಲ್ಲಿವೆ. ಪ್ರೊಟೆಸ್ಟೆಂಟರ ಕಡೆಯಲ್ಲಿ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಹಲವು ಸಭೆಗಳು (ಚರ್ಚ್ ಪಂಗಡಗಳು) ಸೇರಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ. ಆಯಿತು. ಬಾಸೆಲ್ ಮಿಶನ್ನಿನ ಕರ್ನಾಟಕದ ಸಭೆಗಳು ಆಮೇಲೆ ಅದಕ್ಕೆ ಸೇರಿಕೊಂಡವು. ಆರಾಧನೆಯ ಕ್ರಮ ಬೇರೆ ಬೇರೆ ಇದ್ದವರು ಒಂದೇ ಸಭೆಯಾಗುವುದು ಸಣ್ಣ ವಿಷಯವಲ್ಲ. ಅವರಿಗೆ ಅಷ್ಟು ಸಾಧ್ಯವಾಯಿತು. ನಾವು ಒಬ್ಬ ಗಣಿತ ಟೀಚರನ್ನು ಹಂಚಿಕೊಳ್ಳುವುದು ಖಂಡಿತ ಸಾಧ್ಯ.

ಹೆಜ್ಜೆ 1: ಗುಂಪು ಸಣ್ಣದಿರಲಿ, ಹತ್ತಿರವಿರಲಿ

ಇಡೀ ಧರ್ಮಪ್ರಾಂತದ ಶಾಲೆಗಳನ್ನು ಒಂದೇ ಸಲ ಸೇರಿಸಲು ಹೋಗಬೇಡಿ. ಒಂದು ಬಸ್ ರೂಟಿನಲ್ಲಿ ಬರುವ ನಾಲ್ಕರಿಂದ ಆರು ಶಾಲೆ ಸಾಕು. ಶಿಕ್ಷಕರು ಒಂದು ಶಾಲೆಯಿಂದ ಇನ್ನೊಂದು ಶಾಲೆಗೆ ಅರ್ಧ ಗಂಟೆಯಲ್ಲಿ ತಲುಪುವಂತಿರಬೇಕು. ಮಳೆಗಾಲದಲ್ಲೂ ತಲುಪುವಂತಿರಬೇಕು. ಜುಲೈ ತಿಂಗಳಲ್ಲಿ ಘಟ್ಟದ ಬುಡದ ಹಳ್ಳಿಗೆ ದಿನಾ ಹೋಗಿ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೆಥೋಲಿಕ್ ಶಾಲೆ, ಸಿ.ಎಸ್.ಐ. ಶಾಲೆ, ಸಿಸ್ಟರ್‌ಗಳು ನಡೆಸುವ ಶಾಲೆ ಎಲ್ಲವೂ ಒಂದೇ ಗುಂಪಿನಲ್ಲಿ ಇರಬಹುದು. ಇರಲಿ ಅಂತಲೇ ನಾನು ಹೇಳುತ್ತೇನೆ. ಆಡಳಿತ ಬೇರೆಯಾದರೂ ಮಕ್ಕಳು ಅದೇ ಊರಿನವರು.

ಮೊದಲ ಸಭೆಗೆ ಮುಖ್ಯ ಶಿಕ್ಷಕರು, ಸಂಚಾಲಕರು ಇಬ್ಬರೂ ಬರಬೇಕು. ಸಂಚಾಲಕರಾದ ಫಾದರ್ ಅಥವಾ ಸಭಾಪಾಲಕರು ಒಪ್ಪದಿದ್ದರೆ ಮುಖ್ಯ ಶಿಕ್ಷಕರ ಉತ್ಸಾಹ ಮೂರು ತಿಂಗಳಲ್ಲಿ ತಣ್ಣಗಾಗುತ್ತದೆ. ಸಂಚಾಲಕರು ಮಾತ್ರ ಬಂದು ಮುಖ್ಯ ಶಿಕ್ಷಕರು ಬರದಿದ್ದರೆ ನಿರ್ಧಾರಗಳು ಕಾಗದದಲ್ಲೇ ಉಳಿಯುತ್ತವೆ. ಪ್ರತಿ ಶಾಲೆಯಿಂದ ಒಬ್ಬ ಶಿಕ್ಷಕರೂ ಬರಲಿ. ಕೊನೆಗೆ ಓಡಾಡುವವರು ಅವರೇ ಅಲ್ವಾ? ಹೊರೆ ಎಷ್ಟು ಅಂತ ಅವರ ಬಾಯಿಂದಲೇ ಕೇಳಬೇಕು.

ಸಭೆಯನ್ನು ಗುಂಪಿನ ಅತಿ ಸಣ್ಣ ಶಾಲೆಯಲ್ಲಿ ಇಡಿ. ದೊಡ್ಡ ಶಾಲೆಯ ಎ.ಸಿ. ಹಾಲ್ ಬೇಡ. ಸಣ್ಣ ಶಾಲೆಯ ಹಂಚಿನ ಮಾಡು, ಎರಡು ತರಗತಿ ಒಂದೇ ಕೋಣೆಯಲ್ಲಿ ಕೂತಿರುವುದು, ಬಿಸಿಯೂಟದ ಅಡುಗೆಯವರೇ ಗಂಟೆ ಹೊಡೆಯುವುದು, ಇದನ್ನೆಲ್ಲ ದೊಡ್ಡ ಶಾಲೆಯವರು ಕಣ್ಣಾರೆ ನೋಡಲಿ.

ಹೆಜ್ಜೆ 2: ಎರಡು ಕಾಲಮ್ಮಿನ ಒಂದು ಹಾಳೆ

ಇಡೀ ಕೆಲಸದ ಅಡಿಪಾಯ ಇದೇ. ಇದಕ್ಕೆ ಸಮಯ ಕೊಡಿ.

ಪ್ರತಿ ಶಾಲೆಗೂ ಒಂದೊಂದು ಖಾಲಿ ಹಾಳೆ ಕೊಡಿ. ನಡುವೆ ಗೆರೆ ಎಳೆಯಲಿ. ಎಡಗಡೆ 'ನಮ್ಮಲ್ಲಿ ಇರುವುದು', ಬಲಗಡೆ 'ನಮ್ಮಲ್ಲಿ ಇಲ್ಲದ್ದು'. ಚಹಾ ಬರುವ ಮೊದಲೇ ಬರೆಯಲಿ. ಚಹಾ ಬಂದ ಮೇಲೆ ಮಾತು ಬೇರೆ ಕಡೆ ಹೋಗುತ್ತದೆ.

ಬಲಗಡೆ ಬರೆಯುವುದು ಕಷ್ಟ. ತನ್ನ ಶಾಲೆಯ ಕೊರತೆಯನ್ನು ಪಕ್ಕದ ಶಾಲೆಯವರ ಎದುರು ಹೇಳಲು ಯಾರಿಗೂ ಮನಸ್ಸಾಗುವುದಿಲ್ಲ. ಹಾಗಾಗಿ ಗುಂಪಿನ ದೊಡ್ಡ ಶಾಲೆಯವರೇ ಮೊದಲು ಓದಲಿ. ದೊಡ್ಡ ಶಾಲೆಯಲ್ಲೂ ಕೊರತೆ ಇರುತ್ತದೆ. ಸಣ್ಣ ತರಗತಿಗಳಿಗೆ ಆಟದ ಮೂಲಕ ಕಲಿಸುವ ನಲಿಕಲಿ ಚೆನ್ನಾಗಿ ನಡೆಸುವವರು ಇರುವುದಿಲ್ಲ. ಕನ್ನಡ ಓದಲು ತಡವರಿಸುವ ಏಳನೇ ತರಗತಿ ಮಕ್ಕಳು ಇರುತ್ತಾರೆ. ಯಕ್ಷಗಾನದ ಹೆಜ್ಜೆ ಕಲಿಸುವವರು ಸಣ್ಣ ಶಾಲೆಯಲ್ಲಿ ಇರುತ್ತಾರೆ, ಇಲ್ಲಿ ಇರುವುದಿಲ್ಲ. ದೊಡ್ಡವರು ಬಾಯಿ ಬಿಟ್ಟು ಹೇಳಿದರೆ ಉಳಿದವರಿಗೆ ಧೈರ್ಯ ಬರುತ್ತದೆ.

ಎಡಗಡೆಯ ಪಟ್ಟಿಯಲ್ಲಿ ಕಂಪ್ಯೂಟರ್, ಲ್ಯಾಬ್, ಬಸ್ ಮಾತ್ರ ಬರೆದು ನಿಲ್ಲಿಸಬೇಡಿ. ದೊಡ್ಡ ಮೈದಾನ, ಬತ್ತದ ಬಾವಿ, ಮಗುವಿನ ಮನೆಯ ಕಷ್ಟ ಮುಖ ನೋಡಿಯೇ ಗೊತ್ತು ಮಾಡಿಕೊಳ್ಳುವ ಹಿರಿಯ ಟೀಚರ್, ಕರಾವಳಿಯ ಮುಸ್ಲಿಂ ಮನೆಗಳ ಬ್ಯಾರಿ ಭಾಷೆ ಮಾತಾಡಬಲ್ಲ ಶಿಕ್ಷಕಿ, ಗಲ್ಫಿನಲ್ಲಿರುವ ಹಳೆ ವಿದ್ಯಾರ್ಥಿಗಳು, ಇವೆಲ್ಲ ಆಸ್ತಿಯೇ.

ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಒಬ್ಬರ ಬಲಗಡೆ ಇರುವುದು ಇನ್ನೊಬ್ಬರ ಎಡಗಡೆ ಇರುತ್ತದೆ. ಅಲ್ಲಿಗೆ ಗೆರೆ ಎಳೆಯಿರಿ. ಎಲ್ಲ ಶಾಲೆಗಳ ಬಲಗಡೆಯೂ ಒಂದೇ ಮಾತು ಇದ್ದರೆ ಅದಕ್ಕೆ ಸುತ್ತು ಹಾಕಿ. ಅದು ಒಟ್ಟಾಗಿ ಪರಿಹರಿಸಬೇಕಾದದ್ದು.

ಯಾವುದರಿಂದ ಶುರು ಮಾಡುವುದು ಅನ್ನುವ ಪ್ರಶ್ನೆ ಬರುತ್ತದೆ. ನನ್ನ ಉತ್ತರ: ಅತಿ ಸೊರಗಿದ ಶಾಲೆಯ ಮೊದಲ ಕೊರತೆಯಿಂದ. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 12ನೇ ಅಧ್ಯಾಯವನ್ನು ಆ ಸಭೆಯಲ್ಲಿ ಓದಿಸಿ. ದೇಹ ಒಂದು, ಅಂಗ ಹಲವು, ಬಲ ಕಡಿಮೆ ಅನಿಸುವ ಅಂಗವೇ ಬಹಳ ಬೇಕಾದದ್ದು ಅಂತ ಪೌಲರು ಅಲ್ಲಿ ಹೇಳುತ್ತಾರೆ. ಓದಿ ಮುಗಿದ ಮೇಲೆ ಹೆಚ್ಚು ವ್ಯಾಖ್ಯಾನ ಬೇಡ. ಸೀದಾ ಹಾಳೆಗೆ ಬನ್ನಿ.

ಹೆಜ್ಜೆ 3: ವರ್ಷಕ್ಕೆ ಒಂದೇ ಮೌಲ್ಯ, ಅದನ್ನು ಕೆಲಸವಾಗಿ ಬರೆಯಿರಿ

ಗುಂಪಿನ ಮೌಲ್ಯಗಳು ಅಂತ ಹನ್ನೆರಡು ಪದದ ಪಟ್ಟಿ ಮಾಡಿದರೆ ಒಂದೂ ನೆನಪಿರುವುದಿಲ್ಲ. ಒಂದು ಶಾಲಾ ವರ್ಷಕ್ಕೆ ಒಂದೇ ತೆಗೆದುಕೊಳ್ಳಿ. ಅದನ್ನು ಮಕ್ಕಳು, ಶಿಕ್ಷಕರು, ಆಡಳಿತದವರು ಮೂವರೂ ಮಾಡಬಹುದಾದ ಕೆಲಸವಾಗಿ ಬರೆಯಿರಿ.

'ಕ್ಷಮೆ' ತೆಗೆದುಕೊಂಡಿರಿ ಅನ್ನೋಣ. ಮಕ್ಕಳಿಗೆ: ಜಗಳ ಆದ ದಿನವೇ ಟೀಚರ್ ಎದುರು ಕೂತು ಇಬ್ಬರೂ ತಮ್ಮ ಮಾತು ಹೇಳಿ ಮುಗಿಸಬೇಕು. ಶಿಕ್ಷಕರಿಗೆ: ತಪ್ಪು ಮಾಡಿದ ಮಗುವಿನ ಹಳೆ ತಪ್ಪನ್ನು ಮರುದಿನ ಇಡೀ ತರಗತಿಯ ಎದುರು ಎತ್ತಿ ಆಡಬಾರದು. ಆಡಳಿತಕ್ಕೆ: ಕಳೆದ ವರ್ಷ ಮಕ್ಕಳನ್ನು ಸೆಳೆದುಕೊಂಡ ಪಕ್ಕದ ಶಾಲೆಯ ಮೇಲಿನ ಸಿಟ್ಟು ಬಿಟ್ಟು ಮೊದಲ ಫೋನ್ ನಾವೇ ಮಾಡಬೇಕು. ಈ ಮೂರನೆಯದು ಆಗದಿದ್ದರೆ ಮೊದಲಿನ ಎರಡಕ್ಕೆ ಬಲ ಇರುವುದಿಲ್ಲ. ಮಕ್ಕಳು ದೊಡ್ಡವರನ್ನು ನೋಡಿಯೇ ಕಲಿಯುತ್ತಾರೆ.

'ಕೃತಜ್ಞತೆ'ಗೆ ನಮ್ಮ ಕರಾವಳಿಯಲ್ಲಿ ಸಿದ್ಧ ಪಾಠವೇ ಇದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮಾತೆ ಮರಿಯಳ ಹುಟ್ಟುಹಬ್ಬಕ್ಕೆ, ಮಕ್ಕಳು ಅವಳಿಗೆ ಹೂವು ತರುತ್ತಾರೆ, ಹೊಸ ತೆನೆಗೆ ಆಶೀರ್ವಾದ ಆಗುತ್ತದೆ, ಮನೆಯಲ್ಲಿ ಹೊಸ ಅಕ್ಕಿಯ ಊಟ ಆಗುತ್ತದೆ. ತುಳುನಾಡಿನ ಹಿಂದೂ ಮನೆಗಳಲ್ಲೂ ತೆನೆ ಕಟ್ಟುವುದು, ಹೊಸ ಅಕ್ಕಿ ಊಟ ಮಾಡುವುದು ಇದೆ. ಆ ವಾರ ಗುಂಪಿನ ಎಲ್ಲ ಶಾಲೆಗಳ ಮಕ್ಕಳೂ ತಮ್ಮ ಮನೆಯಲ್ಲಿ ಹೊಸ ಅಕ್ಕಿಗೆ ಏನು ಮಾಡುತ್ತಾರೆ ಅಂತ ಅಜ್ಜಿಯನ್ನು ಕೇಳಿ ಬರೆದು ತರಲಿ. ಒಂದು ಶಾಲೆಯ ಬರಹಗಳು ಇನ್ನೊಂದು ಶಾಲೆಗೆ ಹೋಗಲಿ. ಯಾರ ನಂಬಿಕೆಗೂ ಧಕ್ಕೆ ಇಲ್ಲದೆ, ಗದ್ದೆ ಉತ್ತವರಿಗೆ, ನೆಟ್ಟವರಿಗೆ, ಮಳೆ ಕೊಟ್ಟ ದೇವರಿಗೆ ಋಣ ನೆನೆಯುವುದನ್ನು ಮಕ್ಕಳು ಕಲಿಯುತ್ತಾರೆ.

ಹೆಜ್ಜೆ 4: ಶಿಕ್ಷಕರನ್ನು ಹಂಚಿಕೊಳ್ಳುವುದು

ಎಲ್ಲರೂ ಬಯಸುವುದು ಇದನ್ನೇ, ಎಡವುವುದೂ ಇಲ್ಲೇ.

ಮೊದಲು ನಿಯಮ ತಿಳಿದಿರಲಿ. ಸರ್ಕಾರದ ಅನುದಾನದಲ್ಲಿ ಸಂಬಳ ಪಡೆಯುವ ಶಿಕ್ಷಕರನ್ನು ನಾವು ನಾವೇ ಮಾತಾಡಿಕೊಂಡು ಬೇರೆ ಶಾಲೆಗೆ ಕಳಿಸುವಂತಿಲ್ಲ. ಅದಕ್ಕೆ ಇಲಾಖೆಯ ಅನುಮತಿ ಬೇಕು. ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಒಟ್ಟಾಗಿ ಹೋಗಿ, ಬರವಣಿಗೆಯಲ್ಲಿ ಕೇಳಿ. ಆಡಳಿತ ಮಂಡಳಿಯೇ ಗೌರವಧನ ಕೊಡುವ ಶಿಕ್ಷಕರ ವಿಷಯದಲ್ಲಿ ಸ್ವಾತಂತ್ರ್ಯ ಜಾಸ್ತಿ. ಹಾಗಾಗಿ ಶುರು ಮಾಡುವುದು ಅಲ್ಲಿಂದಲೇ ಸುಲಭ.

ಒಂದು ಉದಾಹರಣೆ ನೋಡಿ. ಮೂರು ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ ಇಂಗ್ಲಿಷ್ ಟೀಚರ್ ಇಲ್ಲ. ಒಂದೊಂದು ಶಾಲೆಯೂ ಕೊಡಬಹುದಾದ ಗೌರವಧನಕ್ಕೆ ಒಳ್ಳೆಯವರು ಸಿಗುವುದಿಲ್ಲ. ಸಿಕ್ಕವರೂ ಬ್ಯಾಂಕ್ ಪರೀಕ್ಷೆ ಕಟ್ಟಿ ನಡುವೆ ಬಿಟ್ಟು ಹೋಗುತ್ತಾರೆ. ಮೂರೂ ಶಾಲೆ ಸೇರಿ ಒಬ್ಬರನ್ನೇ ನೇಮಿಸಿದರೆ ಬದುಕಲು ಸಾಕಾಗುವಷ್ಟು ಸಂಬಳ ಕೊಡಬಹುದು. ಅವರು ಸೋಮ, ಮಂಗಳ ಒಂದು ಕಡೆ, ಬುಧ, ಗುರು ಇನ್ನೊಂದು ಕಡೆ, ಶುಕ್ರ, ಶನಿ ಮತ್ತೊಂದು ಕಡೆ ಇರಲಿ. ಮಧ್ಯಾಹ್ನ ಒಂದು ಶಾಲೆಯಿಂದ ಇನ್ನೊಂದಕ್ಕೆ ಓಡಿಸಬೇಡಿ. ಬಸ್ಸಿಗೆ ಕಾಯುತ್ತಾ ಬಿಸಿಲಲ್ಲಿ ನಿಂತು ಬಂದವರಿಗೆ ಐದನೇ ಪೀರಿಯಡ್‌ನಲ್ಲಿ ಏನು ಉತ್ಸಾಹ ಉಳಿದೀತು? ಪೂರ್ತಿ ದಿನ ಒಂದೇ ಕಡೆ ಇದ್ದರೆ ಬಿಡುವಿನಲ್ಲಿ ಮಕ್ಕಳ ನೋಟ್ಸ್ ನೋಡುತ್ತಾರೆ, ಊಟಕ್ಕೆ ಮಕ್ಕಳ ಜೊತೆ ಕೂರುತ್ತಾರೆ. ಹಾಗಿದ್ದಾಗಲೇ ಅವರು ಆ ಶಾಲೆಯ ಟೀಚರ್ ಅನಿಸಿಕೊಳ್ಳುವುದು.

ಶನಿವಾರ ಅರ್ಧ ದಿನ ಅನ್ನುವುದು ನೆನಪಿರಲಿ. ಮೂರನೇ ಶಾಲೆಗೆ ಯಾವಾಗಲೂ ಅದೇ ಅರ್ಧ ದಿನ ಸಿಕ್ಕರೆ ಅನ್ಯಾಯ. ಎರಡು ತಿಂಗಳಿಗೊಮ್ಮೆ ದಿನ ಬದಲಿಸಿ.

ಕಾಗದದಲ್ಲಿ ಬರೆದಿಡಬೇಕಾದದ್ದು ಇಷ್ಟು: ಯಾವ ಶಾಲೆಯ ಹಾಜರಿ ಪುಸ್ತಕದಲ್ಲಿ ಸಹಿ, ಸಂಬಳದಲ್ಲಿ ಯಾರ ಪಾಲು ಎಷ್ಟು, ಯಾವ ತಾರೀಕಿನೊಳಗೆ ಕೊಡಬೇಕು, ಬಸ್ ಖರ್ಚು ಯಾರದ್ದು, ರಜೆ ಬೇಕಾದರೆ ಯಾರಿಗೆ ಹೇಳಬೇಕು, ಹೆರಿಗೆ ರಜೆಯಲ್ಲಿ ಏನು. ಇದನ್ನು ಆ ಶಿಕ್ಷಕಿಯ ಎದುರೇ ಓದಿ, ಅವರಿಗೂ ಒಂದು ಪ್ರತಿ ಕೊಡಿ. ಗೌರವ ಶಿಕ್ಷಕರನ್ನು 'ಸೇವೆ' ಅನ್ನುವ ಹೆಸರಿನಲ್ಲಿ ಕಡಿಮೆ ಸಂಬಳಕ್ಕೆ ದುಡಿಸುವುದು ನಮ್ಮ ಶಾಲೆಗಳ ಹಳೆಯ ರೋಗ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಅಂತ ಬೆಳಿಗ್ಗೆ ಅಸೆಂಬ್ಲಿಯಲ್ಲಿ ಹೇಳುವ ಟೀಚರಿಗೆ ತಿಂಗಳ ಕೊನೆಗೆ ಸಂಬಳ ಸಮಯಕ್ಕೆ ಸಿಗಬೇಕು.

ಹಂಚಿಕೊಳ್ಳುವುದು ಅಂದರೆ ಜನರನ್ನೇ ಕಳಿಸಬೇಕು ಅಂತೇನಿಲ್ಲ. ಒಂದೇ ವಿಷಯದ ಶಿಕ್ಷಕರು ತಿಂಗಳಿಗೊಮ್ಮೆ ಶನಿವಾರ ಮಧ್ಯಾಹ್ನ ಎರಡು ಗಂಟೆ ಕೂತು ಮುಂದಿನ ತಿಂಗಳ ಪಾಠ ಮಾತಾಡಿದರೂ ಬಹಳ ವ್ಯತ್ಯಾಸ ಆಗುತ್ತದೆ. ಸಣ್ಣ ಶಾಲೆಯಲ್ಲಿ ವಿಜ್ಞಾನಕ್ಕೆ ಒಬ್ಬರೇ ಟೀಚರ್. 'ಈ ಪಾಠ ನೀವು ಹೇಗೆ ಮಾಡಿದ್ರಿ?' ಅಂತ ಕೇಳಲು ಶಾಲೆಯೊಳಗೆ ಯಾರೂ ಇರುವುದಿಲ್ಲ. ಹತ್ತಿರದ ನಾಲ್ಕು ಜನ ಸೇರಿದರೆ ಆ ಒಂಟಿತನ ಹೋಗುತ್ತದೆ. ಕಿರುಪರೀಕ್ಷೆಗೆ ಒಬ್ಬೊಬ್ಬರು ಒಂದೊಂದು ವಿಷಯದ ಪ್ರಶ್ನೆಪತ್ರಿಕೆ ತಯಾರಿಸಿ ಹಂಚಿಕೊಂಡರೆ ಎಲ್ಲರ ರಾತ್ರಿ ನಿದ್ದೆಯೂ ಉಳಿಯುತ್ತದೆ.

ಹೆಜ್ಜೆ 5: ಮೊದಲ ವರ್ಷವೇ ಕೈಗೆ ಸಿಗುವ ಒಂದು ಗೆಲುವು

ಎನ್.ಎಂ.ಎಂ.ಎಸ್. ಅನ್ನುವ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಪರೀಕ್ಷೆಗೆ ಒಟ್ಟಾಗಿ ತರಬೇತಿ ಕೊಡುವುದು ನನಗೆ ಎಲ್ಲಕ್ಕಿಂತ ಇಷ್ಟ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಎಂಟನೇ ತರಗತಿ ಓದುವ ಮಕ್ಕಳಿಗೆ ಇರುವ ಪರೀಕ್ಷೆ ಇದು. ಹೆತ್ತವರ ವರ್ಷದ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದ ಮಗುವಿಗೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ನಾಲ್ಕು ವರ್ಷಕ್ಕೆ 48,000. ಬೀಡಿ ಕಟ್ಟುವ, ಗೇರುಬೀಜದ ಫ್ಯಾಕ್ಟರಿಗೆ ಹೋಗುವ ಅಮ್ಮನ ಮಗಳು ಪಿಯುಸಿ ಓದುವುದೋ ಬಿಡುವುದೋ ಅನ್ನುವುದು ಎಷ್ಟೋ ಸಲ ಇಷ್ಟೇ ದುಡ್ಡಿನ ಮೇಲೆ ನಿಂತಿರುತ್ತದೆ.

ಪರೀಕ್ಷೆಯಲ್ಲಿ ಎರಡು ಪತ್ರಿಕೆ. ಒಂದು ಬುದ್ಧಿಶಕ್ತಿಯದ್ದು, ಇನ್ನೊಂದು ಪಾಠದ ವಿಷಯಗಳದ್ದು. ಬುದ್ಧಿಶಕ್ತಿಯ ಪತ್ರಿಕೆಯೇ ಮಕ್ಕಳಿಗೆ ಹೆದರಿಕೆ, ಯಾಕೆಂದರೆ ಅದನ್ನು ತರಗತಿಯಲ್ಲಿ ಯಾರೂ ಕಲಿಸಿರುವುದಿಲ್ಲ. ಅಂಕಿಗಳ ಸರಣಿಯಲ್ಲಿ ಮುಂದಿನದು ಯಾವುದು, ಗುಂಪಿಗೆ ಸೇರದ ಚಿತ್ರ ಯಾವುದು ಎಂಬಂಥ ಪ್ರಶ್ನೆಗಳು. ನಾಲ್ಕು ಬಿಡಿಸಿ ತೋರಿಸಿದರೆ ಐದನೆಯದಕ್ಕೆ ಮಗು ತಾನೇ ಕೈ ಎತ್ತುತ್ತದೆ. ಆ ಕೈ ಎತ್ತುವುದನ್ನು ನೋಡಲೆಂದೇ ಶನಿವಾರ ಮಧ್ಯಾಹ್ನ ಕೂತು ಪಾಠ ಮಾಡಬಹುದು.

ಒಂದೊಂದು ಶಾಲೆಯಲ್ಲಿ ಅರ್ಹ ಮಕ್ಕಳು ಐದೋ ಆರೋ ಇರುತ್ತಾರೆ. ಅಷ್ಟೇ ಮಕ್ಕಳಿಗೆ ತರಗತಿ ನಡೆಸುವುದು ಒಂದು ಶಾಲೆಗೆ ಕಷ್ಟ. ಗುಂಪಿನ ಎಲ್ಲರನ್ನೂ ಸೇರಿಸಿದರೆ ಒಂದು ಒಳ್ಳೆಯ ತರಗತಿ ಆಗುತ್ತದೆ. ಜುಲೈನಲ್ಲೇ ಶುರು ಮಾಡಿ. ಆದಾಯ ಪ್ರಮಾಣಪತ್ರವನ್ನೂ ಆಗಲೇ ಮಾಡಿಸಲು ಹೇಳಿ. ಅರ್ಜಿಯ ಕೊನೆ ದಿನ ನಾಡಕಚೇರಿಗೆ ಓಡಿದರೆ ಸಿಗುವುದಿಲ್ಲ. ಒಂದು ಕಂಡೀಶನ್ ಇಡಿ: ಪಕ್ಕದಲ್ಲಿ ಸರ್ಕಾರಿ ಶಾಲೆ ಇದ್ದರೆ ಅಲ್ಲಿನ ಮಕ್ಕಳನ್ನೂ ಕರೆಯಬೇಕು. ದಾರಿಯಲ್ಲಿ ಬಿದ್ದ ಅಪರಿಚಿತನಿಗೆ ಪರಜನಾಂಗದವನೊಬ್ಬ ನೆರವಾದ ಬೈಬಲಿನ ಒಳ್ಳೆಯ ಸಮಾರ್ಯದವನ ಕಥೆಯಲ್ಲಿ ಗಾಯಗೊಂಡವನನ್ನು 'ನೀನು ಯಾರ ಪೈಕಿ?' ಅಂತ ಯಾರೂ ಕೇಳಲಿಲ್ಲ.

ಹೆಜ್ಜೆ 6: ಪ್ರಾರ್ಥನೆ ಮತ್ತು ಬೇರೆ ಧರ್ಮದ ಮಕ್ಕಳು

ಈ ವಿಷಯವನ್ನು ಗುಂಪಿನ ಎಲ್ಲ ಶಾಲೆಗಳೂ ಒಂದೇ ರೀತಿ ನೋಡುವುದು ಬಹಳ ಮುಖ್ಯ. ಒಂದು ಶಾಲೆಯಲ್ಲಿ ಆದ ಗೊಂದಲ ಎಲ್ಲ ಶಾಲೆಗಳ ಹೆಸರಿಗೂ ತಗಲುತ್ತದೆ.

ಸಂವಿಧಾನದ 30ನೇ ವಿಧಿ ನಮ್ಮಂಥ ಅಲ್ಪಸಂಖ್ಯಾತರಿಗೆ ನಮ್ಮದೇ ಶಾಲೆ ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. 28ನೇ ವಿಧಿಯ ಮೂರನೇ ಕಲಂ ಇನ್ನೊಂದು ಮಾತು ಹೇಳುತ್ತದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾವ ಮಗುವನ್ನೂ, ಹೆತ್ತವರ ಒಪ್ಪಿಗೆ ಇಲ್ಲದೆ, ಧರ್ಮಬೋಧನೆಗೆ ಅಥವಾ ಆರಾಧನೆಗೆ ಹಾಜರಾಗಲೇಬೇಕು ಅನ್ನುವಂತಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ನಡೆಯಬೇಕು. 2024ರಲ್ಲಿ ಭಾರತದ ಕೆಥೋಲಿಕ್ ಬಿಷಪರ ಮಂಡಳಿಯೂ ತನ್ನ ಶಾಲೆಗಳಿಗೆ ಇದೇ ದಿಕ್ಕಿನ ಮಾರ್ಗಸೂಚಿ ಕೊಟ್ಟಿತು: ಎಲ್ಲ ಧರ್ಮಗಳಿಗೆ ಗೌರವ ಕೊಡಿ, ನಮ್ಮ ಆಚರಣೆಗಳನ್ನು ಬೇರೆ ಧರ್ಮದ ಮಕ್ಕಳ ಮೇಲೆ ಹೇರಬೇಡಿ, ಅಸೆಂಬ್ಲಿಯಲ್ಲಿ ಸಂವಿಧಾನದ ಪೀಠಿಕೆ ಓದಿಸಿ. ಪೀಠಿಕೆ ಓದುವುದು ಕರ್ನಾಟಕದ ಶಾಲೆಗಳಲ್ಲಿ 2023ರಿಂದಲೇ ಇದೆ.

ಕೆಲಸಕ್ಕೆ ಇಳಿಸುವುದು ಹೀಗೆ. ಮೌಲ್ಯ ಶಿಕ್ಷಣದ ಪೀರಿಯಡ್ ಎಲ್ಲರಿಗೂ ಇರಲಿ, ಕ್ರೈಸ್ತ ಧರ್ಮೋಪದೇಶ ಕ್ರೈಸ್ತ ಮಕ್ಕಳಿಗೆ ಮಾತ್ರ ಇರಲಿ. ಎರಡಕ್ಕೂ ಬೇರೆ ಬೇರೆ ಹೆಸರು, ಬೇರೆ ಬೇರೆ ಪುಸ್ತಕ ಇರಲಿ. ಉಳಿದ ಮಕ್ಕಳನ್ನು ಆ ಹೊತ್ತಿನಲ್ಲಿ ಸುಮ್ನೆ ಕೂರಿಸಬೇಡಿ, ಲೈಬ್ರರಿಯೋ ಓದುವ ಪಾಠವೋ ಇಡಿ. ಅಸೆಂಬ್ಲಿ ಪ್ರಾರ್ಥನೆಯಲ್ಲಿ ಯಾವ ಮಗುವೂ ಬಾಯಿ ಮುಚ್ಚಿ ನಿಲ್ಲಬೇಕಾದ ಸಾಲು ಇರದಂತೆ ಗುಂಪಿನ ಶಿಕ್ಷಕರೇ ಕೂತು ಆರಿಸಲಿ. ಎಲ್ಲ ಧರ್ಮದ ಶಿಕ್ಷಕರೂ ಆ ಸಮಿತಿಯಲ್ಲಿ ಇರಲಿ. ನಮ್ಮ ಶಾಲೆಗಳಲ್ಲಿ ಹಿಂದೂ, ಮುಸ್ಲಿಂ ಟೀಚರ್‌ಗಳು ಎಷ್ಟು ಜನ ಇಲ್ಲ! ಮೂವತ್ತು ವರ್ಷ ಶಾಲೆಗೆ ಜೀವ ತೇಯ್ದವರು ಅವರು. ಈ ಮೌಲ್ಯಗಳ ಮಾತಿನಲ್ಲಿ ಅವರನ್ನು ಹೊರಗಿನವರಂತೆ ಕಂಡರೆ ಆ ಮೌಲ್ಯಕ್ಕೇ ಅರ್ಥವಿಲ್ಲ.

ಹೀಗೆ ಮಾಡಿದರೆ ನಮ್ಮತನ ಹೋಗುತ್ತದೆ ಅಂತ ಕೆಲವರಿಗೆ ಆತಂಕ. ನನಗೆ ಹಾಗೆ ಅನಿಸುವುದಿಲ್ಲ. ಯೇಸು ಶಿಷ್ಯರ ಕಾಲು ತೊಳೆದದ್ದನ್ನು ನಂಬುವ ಶಾಲೆ ಹೇಗಿರುತ್ತದೆ ಅಂದರೆ, ಬಿಸಿಯೂಟದ ತಟ್ಟೆ ತೊಳೆಯುವ ಜಾಗದಲ್ಲಿ ಹೆಡ್ ಮಾಸ್ಟರ್ರೂ ತಮ್ಮ ತಟ್ಟೆ ತಾವೇ ತೊಳೆಯುತ್ತಿರುತ್ತಾರೆ. ಅಲ್ಲಿ ಕಲಿತ ಮಗು ಯಾವ ಧರ್ಮದ್ದೇ ಇರಲಿ, ಅದನ್ನು ಮರೆಯುವುದಿಲ್ಲ.

ಕ್ರೈಸ್ತ ಶಿಕ್ಷಕರಿಗೆ, ಆಡಳಿತದವರಿಗೆ ತಮ್ಮದೇ ಆದ ಪ್ರಾರ್ಥನೆಯೂ ಬೇಕು. ಪ್ರತಿ ವರ್ಷ ಜನವರಿ 18ರಿಂದ 25ರವರೆಗೆ ಕ್ರೈಸ್ತರ ಐಕ್ಯತೆಗಾಗಿ ಪ್ರಾರ್ಥನಾ ವಾರ ಇರುತ್ತದೆ. ಕೆಥೋಲಿಕ್, ಸಿ.ಎಸ್.ಐ. ಶಾಲೆಗಳವರು ಆ ವಾರ ಒಂದು ಸಂಜೆ ಒಟ್ಟಿಗೆ ಪ್ರಾರ್ಥಿಸಿದರೆ ಗುಂಪಿನ ಕೆಲಸಕ್ಕೆ ಬೇರು ಸಿಗುತ್ತದೆ.

ಹೆಜ್ಜೆ 7: ಮಕ್ಕಳ ರಕ್ಷಣೆಯಲ್ಲಿ ರಾಜಿ ಇಲ್ಲ

ಇಲ್ಲಿ ನಾನು ಕಟುವಾಗಿಯೇ ಹೇಳುತ್ತೇನೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆ ಪ್ರಕಾರ ತಿಳಿಸದಿರುವುದೇ ಅಪರಾಧ. ಶಾಲೆಯ ಹೆಸರು, ಚರ್ಚಿನ ಹೆಸರು, ಆರೋಪಿಯ ಸ್ಥಾನ ಯಾವುದೂ ಅದಕ್ಕಿಂತ ದೊಡ್ಡದಲ್ಲ. 'ನಮ್ಮೊಳಗೇ ಮುಗಿಸೋಣ' ಅನ್ನುವ ಮಾತು ಗುಂಪಿನ ಯಾವ ಶಾಲೆಯಲ್ಲೂ ಬರಬಾರದು.

ಶಾಲೆಗಳು ಜನರನ್ನು ಹಂಚಿಕೊಳ್ಳುವಾಗ ಒಂದು ಅಪಾಯ ಇದೆ. ದೂರು ಬಂದ ವ್ಯಕ್ತಿಯನ್ನು ಸದ್ದಿಲ್ಲದೆ ಪಕ್ಕದ ಶಾಲೆಗೆ ದಾಟಿಸುವುದು ಸುಲಭವಾಗುತ್ತದೆ. ಹಾಗಾಗಿ ಮೊದಲೇ ಬರೆದಿಡಿ: ಶಿಕ್ಷಕರಾಗಲಿ, ಡ್ರೈವರ್ ಆಗಲಿ, ಹಾಸ್ಟೆಲ್ ವಾರ್ಡನ್ ಆಗಲಿ, ಒಂದು ಶಾಲೆಯಿಂದ ಇನ್ನೊಂದಕ್ಕೆ ಬರುವಾಗ ಹಿಂದಿನ ಶಾಲೆಯ ಮುಖ್ಯಸ್ಥರು ಅವರ ಮೇಲೆ ದೂರು ಇತ್ತೋ ಇಲ್ಲವೋ ಅಂತ ಸಹಿ ಹಾಕಿ ಕೊಡಬೇಕು. ಎಲ್ಲ ಶಾಲೆಗಳ ಗೋಡೆಯ ಮೇಲೂ ಮಕ್ಕಳ ಸಹಾಯವಾಣಿ 1098 ಇರಲಿ, ಮಗುವಿನ ಕಣ್ಣಿನ ಎತ್ತರದಲ್ಲಿ ಇರಲಿ. ಮಗು ತನ್ನ ಶಾಲೆಯವರ ಹತ್ತಿರ ಹೇಳಲು ಹೆದರಿದರೆ ಗುಂಪಿನ ಇನ್ನೊಂದು ಶಾಲೆಯ ಒಬ್ಬ ಹಿರಿಯ ಟೀಚರ್ ಹತ್ತಿರ ಹೇಳುವ ದಾರಿ ಇರಲಿ. ಗುಂಪಾಗಿ ಇರುವುದರಿಂದ ಸಿಗುವ ದೊಡ್ಡ ಲಾಭಗಳಲ್ಲಿ ಇದೂ ಒಂದು.

ಬೆತ್ತದ ವಿಷಯ ಹೆಚ್ಚು ಹೇಳಬೇಕಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಅದನ್ನು ನಿಷೇಧಿಸಿದೆ. ಹೊಡೆಯುವುದನ್ನು ಬಿಟ್ಟು ಶಿಸ್ತು ಕಾಯುವುದು ಹೇಗೆ ಅಂತ ಶಿಕ್ಷಕರಿಗೆ ತರಬೇತಿ ಬೇಕು, ಅದನ್ನು ಒಟ್ಟಾಗಿ ಮಾಡಿಸಿ.

ಹೆಜ್ಜೆ 8: ದುಡ್ಡು

ಒಂದೇ ಖಾತೆಗೆ ಎಲ್ಲರೂ ದುಡ್ಡು ಹಾಕುವುದು ಬೇಡ. ಶಾಲೆಗಳ ಟ್ರಸ್ಟ್, ಸೊಸೈಟಿ ಬೇರೆ ಬೇರೆ ಇರುತ್ತವೆ, ಆಡಿಟ್ ಬೇರೆ ಇರುತ್ತದೆ. ಖರ್ಚನ್ನೇ ಹಂಚಿಕೊಳ್ಳಿ. ಬಸ್ಸಿನ ಬಾಡಿಗೆ ಒಬ್ಬರು, ಊಟ ಒಬ್ಬರು, ಪುಸ್ತಕ ಒಬ್ಬರು ಕೊಡಲಿ, ರಸೀದಿ ಅವರವರ ಹೆಸರಿನಲ್ಲೇ ಇರಲಿ. ಪಾಲನ್ನು ಮಕ್ಕಳ ಸಂಖ್ಯೆಗೆ ತಕ್ಕಂತೆ ಇಡಿ. ನಲವತ್ತು ಮಕ್ಕಳ ಶಾಲೆ, ಎಂಟುನೂರು ಮಕ್ಕಳ ಶಾಲೆ ಸಮ ಪಾಲು ಕೊಡುವುದು ನ್ಯಾಯವಲ್ಲ.

ವಿದೇಶದಿಂದ ಬಂದ ದೇಣಿಗೆಯ ವಿಷಯದಲ್ಲಿ ಬಹಳ ಎಚ್ಚರ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆದ ಮೇಲೆ ಒಂದು ಸಂಸ್ಥೆ ಆ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಪ್ರೀತಿಯಿಂದ ಕೊಟ್ಟರೂ ಅದು ಕಾನೂನು ಉಲ್ಲಂಘನೆ. ಗುಂಪಿನ ಕೆಲಸಕ್ಕೆ ಅದನ್ನು ಮುಟ್ಟಲೇಬೇಡಿ.

ಹೆಜ್ಜೆ 9: ದಾಖಲಾತಿಯ ಪೈಪೋಟಿ

ಮೇಲಿನ ಎಲ್ಲವೂ ಚೆನ್ನಾಗಿ ನಡೆದು, ಮೇ ತಿಂಗಳಲ್ಲಿ ಒಂದು ಶಾಲೆಯ ವ್ಯಾನ್ ಇನ್ನೊಂದು ಶಾಲೆಯ ಗೇಟಿನ ಎದುರು ನಿಂತು ಮಕ್ಕಳನ್ನು ಹತ್ತಿಸಿಕೊಂಡರೆ ನಂಬಿಕೆ ಅಲ್ಲಿಗೆ ಮುರಿಯುತ್ತದೆ. ಹಾಗಾಗಿ ಫೆಬ್ರವರಿಯಲ್ಲೇ ಮಾತಾಡಿ. ಯಾವ ಊರಿಗೆ ಯಾರ ವ್ಯಾನ್ ಅಂತ ನಕ್ಷೆ ಹಾಕಿಕೊಳ್ಳಿ. ಗುಂಪಿನ ಇನ್ನೊಂದು ಶಾಲೆಯಲ್ಲಿ ಓದುತ್ತಿರುವ ಮಗುವಿನ ಮನೆಗೆ ಹೋಗಿ ಕರೆಯಬಾರದು. ಹೆತ್ತವರೇ ಬಂದು ಟಿ.ಸಿ. ತರುತ್ತೇವೆ ಅಂದರೆ ಸೇರಿಸುವ ಮೊದಲು ಆ ಶಾಲೆಯ ಮುಖ್ಯ ಶಿಕ್ಷಕರಿಗೆ ಒಂದು ಫೋನ್ ಮಾಡಬೇಕು. ಎಷ್ಟೋ ಸಲ ಸಣ್ಣ ಬೇಸರಕ್ಕೆ ಶಾಲೆ ಬಿಟ್ಟಿರುತ್ತಾರೆ, ಮಾತಾಡಿದರೆ ಸರಿಹೋಗುತ್ತದೆ. ಶಾಲೆ ಆರಿಸುವ ಹಕ್ಕು ಹೆತ್ತವರದ್ದೇ. ಅದಕ್ಕೆ ಅಡ್ಡ ನಿಲ್ಲಬಾರದು.

ಒಂದು ಶಾಲೆ ಉಳಿಯುವುದೇ ಇಲ್ಲ ಅನ್ನುವ ಪರಿಸ್ಥಿತಿ ಬಂದರೆ ಅದನ್ನೂ ಒಟ್ಟಾಗಿ ಎದುರಿಸಿ. ಯಾವ ಮಗು ಎಲ್ಲಿಗೆ, ಬಸ್ ಹೇಗೆ, ಗೌರವ ಶಿಕ್ಷಕಿಗೆ ಮುಂದೆ ಕೆಲಸ ಎಲ್ಲಿ, ಅಡುಗೆಯವರ ಕಥೆ ಏನು, ಇಷ್ಟಕ್ಕೆ ಉತ್ತರ ಸಿಗುವವರೆಗೆ ಬಾಗಿಲು ಹಾಕಬಾರದು.

ವರ್ಷದ ಓಟ

ಜೂನ್‌ನಲ್ಲಿ ಮೊದಲ ಸಭೆ ಮಾಡಿ, ಆಮೇಲೆ ತಿಂಗಳಿಗೊಮ್ಮೆ ಕೂರಿ. ಕೂರುವ ಶಾಲೆ ಪ್ರತಿ ಸಲ ಬದಲಾಗಲಿ. ಸಭೆ ಒಂದೂವರೆ ಗಂಟೆ ಮೀರಬಾರದು. ಹಿಂದಿನ ತಿಂಗಳು ಒಪ್ಪಿಕೊಂಡದ್ದನ್ನು ಯಾರು ಮಾಡಿದರು, ಯಾರಿಗೆ ಆಗಲಿಲ್ಲ, ಯಾಕೆ ಆಗಲಿಲ್ಲ ಅನ್ನುವುದರಿಂದಲೇ ಶುರು ಮಾಡಿ. ಕ್ರಿಸ್ಮಸ್ ರಜೆಗೆ ಇಲಾಖೆಗೆ ಮನವಿ ಕೊಡುವುದಿದ್ದರೆ ಎಲ್ಲ ಶಾಲೆಗಳೂ ಒಂದೇ ಪತ್ರದಲ್ಲಿ ಕೊಡಿ. ಅದಕ್ಕೆ ಬದಲಾಗಿ ದಸರಾ ರಜೆಯ ದಿನಗಳನ್ನು ಹೊಂದಿಸಬೇಕಾಗುತ್ತದೆ, ಹೆತ್ತವರಿಗೆ ಮೊದಲೇ ತಿಳಿಸಿ. ಬ್ಯಾಗ್ ಇಲ್ಲದ ಸಂಭ್ರಮ ಶನಿವಾರಕ್ಕೆ ಇಡೀ ಗುಂಪಿನ ಮಕ್ಕಳನ್ನು ಒಂದು ಕಡೆ ಸೇರಿಸಬಹುದು. ಒಂದೇ ಬಸ್ ಮಾಡಿ ಪಿಲಿಕುಳದ ವಿಜ್ಞಾನ ಕೇಂದ್ರಕ್ಕೆ ಕರೆದುಕೊಂಡು ಹೋದರೆ ಖರ್ಚೂ ಕಡಿಮೆ. ಸೀಟಿನಲ್ಲಿ ಒಂದು ಶಾಲೆಯ ಮಗುವಿನ ಪಕ್ಕ ಇನ್ನೊಂದು ಶಾಲೆಯ ಮಗು ಕೂರುವಂತೆ ಮೊದಲೇ ಹೆಸರು ಬರೆದಿಡಿ. ಇಲ್ಲದಿದ್ದರೆ ಅವರವರೇ ಕೂರುತ್ತಾರೆ.

ಮಾರ್ಚಿನಲ್ಲಿ ಜೂನ್‌ನ ಆ ಎರಡು ಕಾಲಮ್ಮಿನ ಹಾಳೆಗಳನ್ನು ಹೊರಗೆ ತೆಗೆಯಿರಿ. ಬಲಗಡೆಯಲ್ಲಿ ಎಷ್ಟು ಹೊಡೆದು ಹಾಕಬಹುದು ನೋಡಿ. ಒಂದೂ ಇಲ್ಲದಿದ್ದರೆ ಮುಂದಿನ ವರ್ಷ ಹೊಸ ಕೆಲಸ ಸೇರಿಸಬೇಡಿ, ಅದೇ ಮೊದಲ ಕೊರತೆಯನ್ನು ಮತ್ತೆ ಹಿಡಿಯಿರಿ. ಸಂಚಾಲಕರು ವರ್ಗವಾಗಿ ಹೋಗುವವರು ಇದ್ದರೆ ಹೋಗುವ ಮೊದಲೇ ಒಪ್ಪಂದದ ಪ್ರತಿ, ಸಭೆಯ ನಡಾವಳಿ ಪುಸ್ತಕ, ಹಂಚಿಕೊಂಡ ಶಿಕ್ಷಕರ ಸಂಬಳದ ಲೆಕ್ಕ ಈ ಮೂರನ್ನೂ ಹೊಸಬರ ಕೈಗೆ ಕೊಟ್ಟು, ಗುಂಪಿನ ಉಳಿದ ಶಾಲೆಗಳಿಗೆ ಅವರನ್ನು ಜೊತೆಯಲ್ಲೇ ಕರೆದುಕೊಂಡು ಹೋಗಿ ಪರಿಚಯ ಮಾಡಿಸಲಿ.